ಗಂಟೆ ಬಾರಿಸದ ಚಳಿಗಾಲ

ನಮ್ಮ ಊರಿನಲ್ಲಿ ಮಠದ ಗಂಟೆ ಬಾರಿಸಿದ ಮೇಲೆಯೇ ಹಿಟ್ಟು ಉಬ್ಬುತ್ತಿತ್ತು. ನಾನು ಮದುವೆಯಾಗಿ ಹೊಳೆಯಾಚೆಯಿಂದ ಬಂದವಳು. ನನ್ನ ತವರಿನಲ್ಲಿ ಹುಳಿಹಿಟ್ಟು ಬೆರೆಸಿ ಬೆಚ್ಚಗೆ ಮುಚ್ಚಿಟ್ಟರೆ ಸಾಕಾಗುತ್ತಿತ್ತು. ಇಲ್ಲಿಗೆ ಬಂದ ಹೊಸದರಲ್ಲಿ ಹಾಗೆಯೇ ನಾದಿ, ಮರದ ಮರಿಗೆಯಲ್ಲಿಟ್ಟು, ಬಟ್ಟೆ ಹೊದಿಸಿ ಕಾದೆ. ಹಿಟ್ಟು ಕೆರೆಯ ಜೇಡಿಮಣ್ಣಿನ ಹಾಗೆ ಬಿದ್ದುಕೊಂಡೇ ಇತ್ತು. ನನ್ನ ಅತ್ತೆ ಓಡಿಲಾ ಬಂದು ಬಟ್ಟೆ ಎತ್ತಿ ನೋಡಿ ನಕ್ಕರು. "ಅದಿನ್ನೂ ಕೇಳಿಸ್ಕಂಡಿಲ್ಲ ಮಗಾ" ಅಂದು ಮರಿಗೆಯನ್ನು ಎತ್ತಿಕೊಂಡು ಹೋಗಿ ಬಾಗಿಲ ಹೊರಗಿನ ಕಲ್ಲಿನ ಮೇಲಿಟ್ಟರು. ಬೆಳಗಾಗುತ್ತಿದ್ದಂತೆ ಗುಡ್ಡದ ಮೇಲಿಂದ ಗಂಟೆ ಕೇಳಿಸಿತು. ಬೀದಿಯುದ್ದಕ್ಕೂ ಬಾಗಿಲಬಾಗಿಲಿಗೂ ಇಟ್ಟಿದ್ದ ಮರಿಗೆಗಳಲ್ಲಿ ಬಟ್ಟೆಗಳು ಮೆಲ್ಲಗೆ ಮೇಲೇಳತೊಡಗಿದವು, ನಿದ್ದೆಯಲ್ಲಿರುವ ಮಕ್ಕಳು ಉಸಿರೆಳೆದುಕೊಂಡ ಹಾಗೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅತ್ತೆ ಆಗಲೇ ಒಲೆಗೆ ಸೌದೆ ತುಂಬಲು ಹೋಗಿದ್ದರು.

ಅತ್ತೆ ಊರಿನ ಒಲೆಮನೆಯನ್ನು ನೋಡಿಕೊಳ್ಳುತ್ತಿದ್ದರು. ಕಲ್ಲಿನಿಂದ ಗೂಡಿನಂತೆ ಕಟ್ಟಿದ ಒಂದೇ ದೊಡ್ಡ ಒಲೆ. ಊರಿನ ಎಲ್ಲರ ಹಿಟ್ಟೂ ಅಲ್ಲಿಗೇ ಬರಬೇಕು. ಜನ ಬಂದು ತಮ್ಮ ತಮ್ಮ ರೊಟ್ಟಿಗಳನ್ನು ಬೇಯಿಸಿಕೊಂಡು, ವಾರಕ್ಕಾಗುವಷ್ಟನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ, ಬಾಗಿಲು ಹಾಕಿಕೊಂಡು ಒಳಗೆ ಕೂತು ಕೊಯ್ದು ತಿನ್ನುತ್ತಿದ್ದರು. ಜಗಳವೇನೂ ಇರಲಿಲ್ಲ. ಆದರೆ ಒಬ್ಬರ ಮನೆಯ ಮೇಜು ಯಾವ ಮರದ್ದು ಅಂತ ಇನ್ನೊಬ್ಬರಿಗೆ ಗೊತ್ತಿರದಂಥ ಬೀದಿ ನಮ್ಮದು.

ಮಠದ ಗಂಟೆ ಬಾರಿಸುತ್ತಿದ್ದ ಸನ್ಯಾಸಿ ಲಾಂಬರ್ಟ್ ನನ್ನ ಅತ್ತೆಯ ಒಡಹುಟ್ಟಿದ ತಮ್ಮ. ಅವರ ತಾಯಿ ಸತ್ತ ವರ್ಷ, ಇನ್ನೂ ಹಲ್ಲು ಬೀಳದ ಮಗುವಾಗಿದ್ದಾಗಲೇ ಅವರಪ್ಪ ಅವನನ್ನು ಮಠಕ್ಕೆ ಒಪ್ಪಿಸಿಬಿಟ್ಟಿದ್ದ. ದೊಡ್ಡ ಹಬ್ಬಗಳಲ್ಲಿ ದೂರದಿಂದ ನೋಡುವುದು ಬಿಟ್ಟರೆ ಅಕ್ಕತಮ್ಮನಿಗೆ ಮಾತಿಲ್ಲ. ಹಾಗಾಗಿ ಗಂಟೆಯೇ ಅವರ ಮಾತುಕತೆಯಾಗಿತ್ತು. "ಇವತ್ತು ಕೈ ಸೋತೈತೆ ಅವ್ನಿಗೆ, ಎಳೆಯಾಕೆ ಆಗ್ತಿಲ್ಲ" ಅನ್ನುವರು ಅತ್ತೆ, ಹಿಟ್ಟು ನಾದುತ್ತಲೇ. ಇನ್ನೊಂದು ದಿನ, "ಯಾವ್ದೋ ಖುಷೀಲವ್ನೆ ನೋಡು" ಅನ್ನುವರು. ನನಗೆ ಯಾವ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ.

ನಮ್ಮ ಊರಿನ ಹೊಲಗಳೆಲ್ಲ ಮಠದವು. ನಾವು ಉಳುವುದು, ಬಿತ್ತುವುದು, ಮಠಕ್ಕೆ ಪಾಲು ಕೊಡುವುದು. ಅದರ ಮೇಲೆ ಮಠದ ಸ್ವಂತ ಹೊಲದಲ್ಲಿ ಬಿಟ್ಟಿ ಚಾಕರಿ. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯಲ್ಲಿದ್ದ ಒಳ್ಳೆಯ ದನವನ್ನು ಮಠದವರು ಹೊಡೆದುಕೊಂಡು ಹೋಗುವುದು ಪದ್ಧತಿ. ನನ್ನ ಮಾವ ಸತ್ತಾಗ ಹಾಗೆಯೇ ರೋಸಾ ಎಂಬ ಕೆಂಪು ಹಸುವನ್ನು ಕೊಂಡೊಯ್ದಿದ್ದರಂತೆ. ಅತ್ತೆ ತಾವೇ ಹಗ್ಗ ಬಿಚ್ಚಿ ಮಠದ ಪಾರುಪತ್ಯಗಾರ ಕೊನ್ರಾಡನ ಕೈಗೆ ಕೊಟ್ಟಿದ್ದರಂತೆ, ಒಂದು ಮಾತೂ ಆಡದೆ. ಇದನ್ನು ನನಗೆ ಹೇಳಿದವನು ನನ್ನ ಗಂಡ ವೆಂಡೆಲ್. ಅತ್ತೆಯ ಬಾಯಿಂದ ಆ ಹಸುವಿನ ಹೆಸರು ನಾನು ಮೊದಲು ಕೇಳಿದ್ದು ಆಮೇಲೆ, ಬೇರೊಂದು ಗಳಿಗೆಯಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ನಾನು ಮೊದಲ ಬಸುರಿಯಾಗಿದ್ದ ವರ್ಷ ಸುಗ್ಗಿಯ ಹೊತ್ತಿಗೆ ಮಳೆ ಹಿಡಿದುಕೊಂಡಿತು. ತೆನೆ ಬಲಿತ ಗೋಧಿ ಹೊಲದಲ್ಲೇ ತಲೆ ಬಾಗಿಸಿ ನಿಂತು ಕಪ್ಪಾಗತೊಡಗಿತು. ಆಮೇಲೆ ಒಂದು ಬೆಳಿಗ್ಗೆ ಮೋಡ ಒಡೆದು ಬಿಸಿಲು ಬಂತು. ಎಲ್ಲರೂ ಕುಡುಗೋಲು ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಕೊನ್ರಾಡ ಕುದುರೆಯ ಮೇಲೆ ಬಂದು ಬೀದಿಯ ನಡುವೆ ನಿಂತು ಕೊಂಬು ಊದಿದ. ಎಲ್ಲರೂ ಮಠದ ಹೊಲಕ್ಕೆ ನಡೆಯಬೇಕು, ಅದು ಮುಗಿಯುವ ತನಕ ಯಾರೂ ತಮ್ಮ ಹೊಲಕ್ಕೆ ಕಾಲಿಡಕೂಡದು ಅಂದ. ಅವನು ಹೋದ ಮೇಲೆ ಜನ ಬಾವಿಯ ಹತ್ತಿರ ಸುಮ್ಮನೆ ನಿಂತರು. ಮಠದ ಹೊಲ ಎಷ್ಟು ದೊಡ್ಡದೆಂದು ಎಲ್ಲರಿಗೂ ಗೊತ್ತಿತ್ತು. ಬಿಸಿಲು ಅಷ್ಟು ದಿನ ಕಾಯುವುದಿಲ್ಲವೆಂದೂ ಗೊತ್ತಿತ್ತು.

ಅತ್ತೆ ನೀರು ಸೇದಲು ಬಂದಿದ್ದರು. ಕೊಡ ತುಂಬಿಸಿ, ಸೊಂಟಕ್ಕೆ ಏರಿಸಿಕೊಂಡು, ಯಾರ ಮುಖವನ್ನೂ ನೋಡದೆ ಅಂದರು: "ಮಠದ ಗೋಧಿ ನೆಂದ್ರೆ ಮಠದೋರು ಅದ್ನೇ ಒಣಗಿಸ್ಕಂಡು ತಿಂತಾರೆ. ನಮ್ದು ನೆಂದ್ರೆ ನಾನು ಈ ಚಳಿಗಾಲ ಒಲೆಗೆ ಏನ್ ಹಾಕ್ಲಿ?"

ಅಷ್ಟೇ. ಅವರು ಮನೆಗೆ ಹೋಗಿಬಿಟ್ಟರು. ಜನ ಇನ್ನೂ ನಿಂತೇ ಇದ್ದರು. ಆಮೇಲೆ ಯೋಸ್ತ್ ಎಂಬ ಉಳುಮೆಗಾರ, ನಮ್ಮ ಪಕ್ಕದ ಮನೆಯವನು, ಎತ್ತಿನಂತೆ ಅಗಲ ಹೆಗಲಿನವನು, ಮುದಿ ತಾಯಿಯನ್ನೂ ಮಡದಿಯನ್ನೂ ಸಾಕುತ್ತಿದ್ದವನು, ಕುಡುಗೋಲನ್ನು ಕೈ ಬದಲಾಯಿಸಿಕೊಂಡು ತನ್ನ ಹೊಲದ ಕಡೆ ನಡೆದ. ಅವನ ಹಿಂದೆ ವೆಂಡೆಲ್. ಅವನ ಹಿಂದೆ ಎಲ್ಲರೂ. ಬಿಸಿಲಿರುವಷ್ಟು ದಿನ ನಮ್ಮದನ್ನು ನಾವು ಕೊಯ್ದೆವು. ನಮ್ಮದು ಕಣಜ ಸೇರಿದ ಮೇಲೆ ಮಠದ ಹೊಲಕ್ಕೂ ಹೋದೆವು, ಆದರೆ ಅಷ್ಟರಲ್ಲಿ ಮತ್ತೆ ಮಳೆ ಬಂತು. ಮಠದ ಗೋಧಿಯಲ್ಲಿ ಅರ್ಧ ತೆನೆಯಲ್ಲೇ ಮೊಳೆತುಹೋಯಿತು.

ಮರುದಿನ ಗಂಟೆ ಬಾರಿಸಲಿಲ್ಲ.

ಮಧ್ಯಾಹ್ನ ಕೊನ್ರಾಡ ಬಂದು ಹೇಳಿದ. ಊರಿನವರೆಲ್ಲ ಬರಿಗಾಲಲ್ಲಿ ಮಠದ ಬಾಗಿಲಿಗೆ ಬಂದು ಮಂಡಿಯೂರಿ ತಪ್ಪಾಯಿತೆನ್ನಬೇಕು. ಮೊದಲ ಕುಡುಗೋಲು ಹಾಕಿದವನನ್ನು ಒಪ್ಪಿಸಬೇಕು. ಅಲ್ಲಿಯತನಕ ಗಂಟೆಯಿಲ್ಲ. ಗಂಟೆಯಿಲ್ಲ ಅಂದರೆ ಸತ್ತವರಿಗೆ ಮಣ್ಣಿಲ್ಲ, ಹುಟ್ಟಿದವರಿಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನವಿಲ್ಲ, ಮದುವೆಯಿಲ್ಲ. ಇದು ದೊಡ್ಡ ಗುರುಗಳ ಅಪ್ಪಣೆ. ಈ ದೊಡ್ಡ ಗುರುಗಳು ಆಗ ಹೊಸಬರು, ಎಲ್ಲೋ ದೊಡ್ಡ ಪಟ್ಟಣದಲ್ಲಿ ಓದಿ ಬಂದವರು. ಕೆಟ್ಟವರೆಂದು ನಾನು ಇವತ್ತಿಗೂ ಹೇಳಲಾರೆ. ಕಾಯಿಲೆಯವರಿಗೆ ಔಷಧಿ ಕಳಿಸುತ್ತಿದ್ದರು. ಆದರೆ ಊರು ಅನ್ನುವುದು ಒಂದು ಸಲ ಸಡಿಲಬಿಟ್ಟರೆ ಓಡಿಹೋಗುವ ಕುದುರೆ ಎಂದು ಅವರು ನಂಬಿದ್ದರು.

ಮೊದಲ ವಾರ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಹಿಟ್ಟನ್ನು ಮೋಸ ಮಾಡಲು ಊರಿಗೆ ಊರೇ ನಿಂತುಬಿಟ್ಟಿತು. ಒಬ್ಬಳು ತಾಮ್ರದ ಕಡಾಯಿ ಬಡಿದಳು. ಇನ್ನೊಬ್ಬಳು ಹಸುವಿನ ಕೊರಳಗಂಟೆಯನ್ನು ಮರಿಗೆಯ ಮೇಲೆ ಹಿಡಿದು ಅಲ್ಲಾಡಿಸಿದಳು. ಯೋಸ್ತ್ ಹಿಟ್ಟಿಗೆ ಬಾಯಿ ಹಚ್ಚಿ "ಢಣ್" ಎಂದು ಕೂಗಿ ಮೀಸೆಗೆಲ್ಲ ಮೆತ್ತಿಕೊಂಡ. ವೆಂಡೆಲ್ ಒಂದು ಮರಿಗೆಯನ್ನು ತಲೆಯ ಮೇಲೆ ಹೊತ್ತು ಹೊಳೆಯಾಚೆ ನನ್ನ ತವರಿನ ತನಕ ನಡೆದು, ಅಲ್ಲಿಯ ಗುಡಿಯ ಗಂಟೆಯ ಕೆಳಗೆ ಇಟ್ಟು ಕಾದು, ಹಾಗೆಯೇ ಹೊತ್ತುಕೊಂಡು ವಾಪಸ್ಸು ಬಂದ. ನಮ್ಮ ಹಿಟ್ಟಿಗೆ ಬೇರೆ ಗಂಟೆ ಕಿವಿಗೇ ಬೀಳಲಿಲ್ಲ.

ಅತ್ತೆ ಇದ್ಯಾವುದರಲ್ಲೂ ಸೇರಲಿಲ್ಲ. ಒಂದು ದಿನ ಅವರು ಉಬ್ಬದ ಹಿಟ್ಟಿನಿಂದ ಒಂದು ಮುಷ್ಟಿ ಕಿತ್ತು, ಅಂಗೈಯಲ್ಲಿ ತಟ್ಟಿ ತಟ್ಟಿ ತೆಳ್ಳಗೆ ಮಾಡಿ, ಕೆಂಡ ಸರಿಸಿದ ಒಲೆಯ ಕಲ್ಲಿನ ಮೇಲೆ ಎಸೆದರು. ಮೊದಲನೆಯದು ಸುಟ್ಟು ಕರಿಯಾಯಿತು. ಎರಡನೆಯದು ಕಲ್ಲಿಗೇ ಅಂಟಿಕೊಂಡಿತು. ಆಮೇಲಿನದು ಅಲ್ಲಲ್ಲಿ ಕಂದು ಚುಕ್ಕೆ ಬಿದ್ದು, ಹೊಗೆಯ ವಾಸನೆ ಹೊತ್ತು ಹೊರಬಂತು. ನಾನು ಹರಿದು ಬಾಯಿಗಿಟ್ಟುಕೊಂಡೆ. ಬಿಸಿ ಇರುವಾಗ ಅಂಥ ರುಚಿಯನ್ನು ನಾನು ಅದಕ್ಕಿಂತ ಮುಂಚೆ ಕಂಡಿರಲಿಲ್ಲ. "ಮನೆಗೆ ತಗಂಡೋಗಿ ವೆಂಡೆಲ್‌ಗೆ ಕೊಡು" ಅಂದರು ಅತ್ತೆ. ಮನೆಗೆ ತಲುಪುವಷ್ಟರಲ್ಲಿ ಅದು ಆರಿ ಹಲಗೆಯಾಗಿತ್ತು. ವೆಂಡೆಲ್ ಕಚ್ಚಿ, ಹಲ್ಲು ಹಿಡಿದುಕೊಂಡು, ಅವ್ವನನ್ನು ಬೈಯಲಾಗದೆ ನನ್ನನ್ನು ನೋಡಿದ.

ಹಾಗಾಗಿ ಬೇರೆ ದಾರಿಯಿರಲಿಲ್ಲ. ಚಪ್ಪಟೆ ರೊಟ್ಟಿಯನ್ನು ಒಲೆಯ ಮುಂದೆಯೇ ತಿನ್ನಬೇಕು. ಊರಿನವರು ಒಬ್ಬೊಬ್ಬರಾಗಿ ಒಲೆಮನೆಗೆ ಬರತೊಡಗಿದರು. ಮೊದಮೊದಲು ನಿಂತುಕೊಂಡೇ, ಗೋಡೆಗೆ ಮುಖ ಮಾಡಿ ತಿಂದು ಹೋಗುತ್ತಿದ್ದರು. ಆಮೇಲೆ ಯಾರೋ ಒಂದು ಬೆಂಚು ತಂದರು. ಇನ್ಯಾರೋ ಬೆಣ್ಣೆ ತಂದರು, ತಂದ ಮೇಲೆ ಪಕ್ಕದವರಿಗೆ ಕೊಡದೆ ತಿನ್ನುವುದು ಹೇಗೆ? ಈರುಳ್ಳಿ ಬಂತು, ಉಪ್ಪು ಹಾಕಿದ ಮೀನು ಬಂತು. ಅಪ್ಪನ ಆಸ್ತಿಗಾಗಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಜಾಗ ಸಾಲದೆ ಒಂದೇ ಬೆಂಚಿನಲ್ಲಿ ಕೂರಬೇಕಾಯಿತು. ಬೆನ್ನಿಗೆ ಬೆನ್ನು ಮಾಡಿ ಕೂತವರು ಚಳಿ ಹೆಚ್ಚಿದಂತೆಲ್ಲ ಒಲೆಯ ಕಡೆಗೆ, ಅಂದರೆ ಒಬ್ಬರ ಕಡೆಗೊಬ್ಬರು, ತಿರುಗಿದರು. ಯೋಸ್ತನ ಮುದಿ ತಾಯಿಗೆ ಹಲ್ಲಿರಲಿಲ್ಲ. ಅವಳಿಗೆ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ಕೊಡಲು ನಾನೂ ಯೋಸ್ತನ ಹೆಂಡತಿಯೂ ಪೈಪೋಟಿ ಮಾಡುತ್ತಿದ್ದೆವು, ಏಕೆಂದರೆ ಅವಳು ತಿಂದಾದ ಮೇಲೆ ತನ್ನ ಕಾಲದ ಯಾರ್ಯಾರದೋ ಕಳ್ಳ ಪ್ರೇಮದ ಕಥೆ ಹೇಳುತ್ತಿದ್ದಳು. ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಅತ್ತೆಯ ಅಂಗೈಗಳು ಪಟಪಟ ಸದ್ದು ಮಾಡುತ್ತಿದ್ದವು. ನಾನು ಆ ಚಳಿಗಾಲದಲ್ಲಿ ಹಸಿದಿದ್ದೆ, ಹೆದರಿದ್ದೆ, ಕಾಲು ಬಾತುಕೊಂಡಿತ್ತು. ಆದರೂ ಜೀವಮಾನದ ಯಾವ ಕಾಲವನ್ನು ಮತ್ತೆ ಕೊಡಲಿ ಎಂದು ದೇವರು ಕೇಳಿದರೆ ನಾನು ಅದನ್ನೇ ಕೇಳಿಯೇನು.

ಚಳಿ ಬಲವಾದಾಗ ಆ ಮುದುಕಿ ತೀರಿಕೊಂಡಳು. ಮಠದ ಸ್ಮಶಾನದ ಬಾಗಿಲು ತೆರೆಯಲಿಲ್ಲ. ಯೋಸ್ತ್ ಹೆಪ್ಪುಗಟ್ಟಿದ ನೆಲವನ್ನು ತಾನೇ ಅಗೆದು ತನ್ನ ಹೊಲದ ಬದುವಿನಲ್ಲಿ ತಾಯಿಯನ್ನು ಮಲಗಿಸಿದ. ನಾವೆಲ್ಲ ಸುತ್ತ ನಿಂತಿದ್ದೆವು. ಮಂತ್ರವಿಲ್ಲ, ಗಂಟೆಯಿಲ್ಲ; ಗುದ್ದಲಿಯ ಸದ್ದು ಮಾತ್ರ. ಅವತ್ತೂ ಎಲ್ಲರೂ ಒಲೆಮನೆಗೆ ಬಂದರು. ರೊಟ್ಟಿ ಬೇಯುವಾಗ ಯೋಸ್ತ್ ಅಂದ, "ಓಡಿಲಕ್ಕ, ನಾನು ಮ್ಯಾಲಕ್ಕೋಗಿ ಒಪ್ಕಂಡ್‌ಬುಡ್ತೀನಿ. ಅವ್ವ ಎಲ್ಲೋದ್ಲೋ ಅಂತ ಹೊಟ್ಟೆ ಉರೀತೈತೆ. ಇನ್ನೊಬ್ರ ಮನೇಲಿ ಹಿಂಗಾಗಾದ್ ಬ್ಯಾಡ."

ಅತ್ತೆ ಅವನ ಕೈಗೆ ರೊಟ್ಟಿ ಇಟ್ಟರು. "ಒಪ್ಕಂಡ್ರೆ ನಿನ್ನ ಸುಮ್ಕೆ ಬುಡ್ತಾರೇನೋ? ನೇಣಿಗಾಕ್ತಾರೆ. ತಿನ್ನು ಮೊದ್ಲು."

ಅವನು ಅಳುತ್ತಲೇ ತಿಂದ.

ಹಿಮ ಕರಗುವ ಮುಂಚೆ ನನಗೆ ಹೆರಿಗೆಯಾಯಿತು. ದಿನ ತುಂಬಿರಲಿಲ್ಲ. ಹೆಣ್ಣುಮಗು, ಅಂಗೈಯಗಲ, ಬೆಕ್ಕಿನ ಮರಿಯ ಹಾಗೆ ಕಣ್ಣು ಮುಚ್ಚಿಕೊಂಡೇ ಇತ್ತು. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ತುಟಿಯ ಸುತ್ತ ನೀಲಿಗಟ್ಟುತ್ತಿತ್ತು. ಬದುಕುವುದಿಲ್ಲವೆಂದು ಎಲ್ಲರ ಮುಖದಲ್ಲೂ ಓದಿದೆ. ಹೆಸರಿಲ್ಲದೆ, ನೀರು ಬೀಳದೆ ಸತ್ತ ಮಗುವಿಗೆ ಸ್ವರ್ಗದ ಬಾಗಿಲು ತೆರೆಯುವುದಿಲ್ಲ ಎಂದು ನಮಗೆ ಕಲಿಸಿದ್ದರು. ಅದು ಎಲ್ಲೋ ಕತ್ತಲೆಯಲ್ಲಿ ಒಂಟಿಯಾಗಿ ಇರುತ್ತದೆ ಎಂದು. ನಾನು ಅತ್ತೆಯ ತೋಳು ಹಿಡಿದುಕೊಂಡು, "ಅತ್ತೆ, ಇದೊಂದನ್ನ ಕತ್ತಲೇಲಿ ಬಿಡಬೇಡಿ" ಅಂದೆನಂತೆ. ನನಗೆ ನೆನಪಿಲ್ಲ.

ಅತ್ತೆ ಕಂಬಳಿ ಹೊದ್ದು ಒಬ್ಬರೇ ಗುಡ್ಡ ಹತ್ತಿದರು. ಮೇಲೆ ನಡೆದದ್ದನ್ನು ಅವರು ಎಷ್ಟೋ ದಿನದ ಮೇಲೆ ನನಗೆ ಹೇಳಿದರು, ಅದೂ ಬಟ್ಟೆ ಒಗೆಯುವಾಗ, ಯಾರದೋ ಕಥೆ ಹೇಳುವ ಹಾಗೆ. ದೊಡ್ಡ ಗುರುಗಳು ಬೆಂಕಿಯ ಮುಂದೆ ಕೂತಿದ್ದರಂತೆ. ಅತ್ತೆಯನ್ನು ಕೂರಲು ಹೇಳಿದರಂತೆ. ಮಗುವಿನ ವಿಷಯ ಕೇಳಿ ಅವರ ಮುಖ ಬಾಡಿತಂತೆ, ಅದು ನಾಟಕವಾಗಿರಲಿಲ್ಲ ಎಂದರು ಅತ್ತೆ.

"ಓಡಿಲಾ, ನಾನು ಈಗಲೇ ಒಬ್ಬರನ್ನು ಕಳಿಸುತ್ತೇನೆ. ಒಂದು ಹೆಸರು ಹೇಳು. ಮೊದಲು ಕುಡುಗೋಲು ಹಾಕಿದವನು ಯಾರು?"

"ನಾನೇ ಬುದ್ಧಿ."

"ನೀನು ಬಾವಿಯ ಹತ್ತಿರ ಮಾತಾಡಿದ್ದು ನನಗೆ ಗೊತ್ತು. ಹೊಲಕ್ಕೆ ಹೋದದ್ದು ನೀನಲ್ಲ. ಸುಳ್ಳು ಹೇಳಿ ಮೊಮ್ಮಗಳನ್ನು ಉಳಿಸಿಕೊಳ್ಳುತ್ತೀಯಾ?"

ಅತ್ತೆ ಕಂಬಳಿ ಸರಿಮಾಡಿಕೊಂಡರಂತೆ. "ಒಬ್ರ ಹೆಸ್ರು ಕೊಟ್ಟು ಮಗೂಗೆ ಹೆಸ್ರು ತಗಂಡೋದ್ರೆ, ನಾಳೆ ಆ ಹೆಸ್ರಿಡಿದು ಅದನ್ನ ಹೆಂಗ್ ಕರೀಲಿ ಬುದ್ಧಿ?" ಅಂದು ಎದ್ದರಂತೆ.

ಮಠದ ಅಂಗಳ ದಾಟುವಾಗ ಲಾಂಬರ್ಟ್ ಸೌದೆಯ ಹೊರೆ ಹೊತ್ತು ಎದುರಿಗೆ ಬಂದ. ಮಠಕ್ಕೆ ಸೇರಿದ ಮೇಲೆ ಅಕ್ಕತಮ್ಮ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು. ಒಳಗಿನ ಮಾತು ಅವನ ಕಿವಿಗೂ ಬಿದ್ದಿತ್ತು. ಅವನು ಹೊರೆ ಇಳಿಸಲಿಲ್ಲ. ಯಾರಾದರೂ ನೋಡಿದರೆ ದಾರಿ ಬಿಟ್ಟುಕೊಡುತ್ತಿದ್ದಾನೆ ಅಂದುಕೊಳ್ಳಲಿ ಎಂದು ಪಕ್ಕಕ್ಕೆ ಸರಿದು ನಿಂತ.

"ಅಕ್ಕ, ಮಗು ಇನ್ನೂ ಇದೆಯಾ?"

"ನಾನ್ ಬರೋವಾಗ ಇತ್ತು."

"ಹಾಗಾದರೆ ನೀನೇ ಮಾಡು."

"ಏನ್ ಮಾಡ್ಲಿ?"

"ಜ್ಞಾನಸ್ನಾನ. ಸಾಯೋ ಹಾಗಿರೋ ಮಗೂಗೆ ಯಾರು ಬೇಕಾದರೂ ಮಾಡಬಹುದು. ಗುರುಗಳೇ ಆಗಬೇಕಿಲ್ಲ, ಗಂಡಸೇ ಆಗಬೇಕಿಲ್ಲ. ತಲೆ ಮೇಲೆ ನೀರು ಹಾಕಿ, ಹೆಸರು ಕರೆದು, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಅಂದರೆ ಆಯಿತು. ನಮ್ಮ ಶಾಸ್ತ್ರದಲ್ಲೇ ಹಾಗಿದೆ."

ಅತ್ತೆ ಅವನ ಮುಖವನ್ನೇ ನೋಡಿದರು. "ನಿಜಾನಾ?"

"ನಿಜ."

"ಮತ್ ಇಷ್ಟ್ ದಿನ ಯಾಕ್ ಹೇಳ್ಲಿಲ್ಲ ನಮ್ಗೆ? ಇನ್ನೂ ಏನೇನ್ ಮುಚ್ಚಿಟ್ಟಿದೀರೋ?"

ಲಾಂಬರ್ಟ್ ಹೊರೆಯ ಕೆಳಗಿಂದಲೇ ತಲೆ ತಗ್ಗಿಸಿದ. "ಮದುವೆಯೂ ಅಷ್ಟೇ ಅಕ್ಕ. ಇಬ್ಬರೂ ಒಪ್ಪಿ ಮಾತು ಕೊಟ್ಟರೆ ಅದೇ ಮದುವೆ. ಓಡು ಈಗ."

ಆ ವಯಸ್ಸಿನಲ್ಲಿ ಅತ್ತೆ ಓಡಿದ್ದನ್ನು ಊರೆಲ್ಲ ನೋಡಿತು. ಜಾರಿ ಬಿದ್ದು ಎದ್ದು, ಕಂಬಳಿಯನ್ನು ದಾರಿಯಲ್ಲೇ ಬಿಟ್ಟು ಬಂದರು. ಬಂದವರೇ ನನ್ನ ಎದೆಯ ಮೇಲಿಂದ ಮಗುವನ್ನು ಎತ್ತಿಕೊಂಡು, ಒಲೆಯ ಹತ್ತಿರ ಬೆಚ್ಚಗಿಟ್ಟಿದ್ದ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡರು. ಉಸಿರು ಸಿಗುತ್ತಿರಲಿಲ್ಲ. ನಾನೂ ವೆಂಡೆಲ್ಲೂ ಹೆಣ್ಣಾದರೆ ನನ್ನ ಅಜ್ಜಿಯ ಹೆಸರಿಡಬೇಕೆಂದು ಮಾತಾಡಿಕೊಂಡಿದ್ದೆವು. ಅತ್ತೆಗೂ ಅದು ಗೊತ್ತಿತ್ತು. ಆದರೆ ನೀರು ಹಾಕುವ ಗಳಿಗೆಯಲ್ಲಿ ಅವರ ಬಾಯಿಗೆ ಬಂದದ್ದು ಬೇರೆ. "ರೋಸಾ" ಅಂದರು. "ರೋಸಾ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ..." ಅನ್ನುತ್ತ ತಲೆಯ ಮೇಲೆ ನೀರು ಸುರಿದರು. ವೆಂಡೆಲ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ತಣ್ಣನೆಯ ಗಾಳಿಗೋ ನೀರಿಗೋ ಮಗು ಬೆಚ್ಚಿ ಜೋರಾಗಿ ಅತ್ತಿತು. ಅದು ಮೊದಲ ಅಳು. ಆಮೇಲೆ ಹಾಲು ಕುಡಿಯಿತು.

ರೋಸಾ ಬದುಕಿದಳು. ಈಗ ಅವಳಿಗೇ ಮೊಮ್ಮಕ್ಕಳು. ಅವಳ ಹೆಸರು ಯಾರದೆಂದು ಅವಳು ಕೇಳಿದಾಗ, ನಿನ್ನ ಅಜ್ಜಿಗೆ ತುಂಬ ಬೇಕಾದವಳೊಬ್ಬಳದು ಎಂದು ಹೇಳಿ ಸುಮ್ಮನಾಗುತ್ತೇನೆ.

ಮಗುವಿಗೆ ಅತ್ತೆ ನೀರು ಹಾಕಿದ ಸುದ್ದಿ ಊರಿಗೆ ಹಬ್ಬಿತು. ಸುಗ್ಗಿಯಿಂದ ಮದುವೆಗೆ ಕಾದಿದ್ದ ಜೋಡಿಯೊಂದು ಅಳುಕುತ್ತ ಅಳುಕುತ್ತ ಒಲೆಮನೆಗೆ ಬಂತು. ಅತ್ತೆ ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿ, "ಒಪ್ಗೆ ಇದ್ರೆ ಗಟ್ಟಿಯಾಗ್ ಹೇಳಿ, ಹಿಂದಿನೋರ್ಗೂ ಕೇಳಿಸ್ಲಿ" ಅಂದರು. ಹುಡುಗಿ ಎಷ್ಟು ಜೋರಾಗಿ ಹೇಳಿದಳೆಂದರೆ ಎಲ್ಲರೂ ನಕ್ಕರು. ಆಮೇಲೆ ಯೋಸ್ತ್ ತನ್ನ ತಾಯಿಯ ಗೋರಿಗೂ ಎಲ್ಲರನ್ನೂ ಕರೆದುಕೊಂಡು ಹೋದ. ನಮಗೆ ಬರುವ ಪ್ರಾರ್ಥನೆಗಳನ್ನು ನಾವೇ ಹೇಳಿದೆವು. ಮರೆತಲ್ಲಿ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡರು. ಅವತ್ತಿನಿಂದ ಅವನು ಮೇಲಕ್ಕೆ ಹೋಗುವ ಮಾತೆತ್ತಲಿಲ್ಲ.

ಮಠದಲ್ಲಿ ಏನಾಗುತ್ತಿದೆಯೆಂದು ನಮಗೆ ನಿಧಾನವಾಗಿ ತಿಳಿಯಿತು. ಅವರ ಹಿಟ್ಟೂ ಉಬ್ಬುತ್ತಿರಲಿಲ್ಲ. ತಟ್ಟಿ ಸುಡುವುದು ಅವರಿಗೆ ಗೊತ್ತಿರಲಿಲ್ಲ, ಕೇಳಲು ಮುಖವಿರಲಿಲ್ಲ. ಇಡೀ ಚಳಿಗಾಲ ಸನ್ಯಾಸಿಗಳು ಮೊಳೆತ ಗೋಧಿಯ ಅಂಬಲಿ ಕುಡಿದುಕೊಂಡಿದ್ದರಂತೆ. ಬಿತ್ತನೆಯ ಕಾಲ ಬಂತು. ಮಠದ ಹೊಲಕ್ಕೆ ಯಾರೂ ಹೋಗಲಿಲ್ಲ. ಆಗ ದೊಡ್ಡ ಗುರುಗಳು ಕೋಟೆಯ ದೊರೆಗೆ ಹೇಳಿಕಳಿಸಿದರು. ಒಂದು ಮಧ್ಯಾಹ್ನ ಕುದುರೆ ಸವಾರರು ಬಂದು, ಒಲೆಮನೆಗೆ ನುಗ್ಗಿ, ಬೆಂಚುಗಳನ್ನು ಒದ್ದು ಮುರಿದು ಯೋಸ್ತನನ್ನು ಕಟ್ಟಿಕೊಂಡು ಹೋದರು. ಹೆಸರನ್ನು ಯಾರೋ ಹೇಳಿರಬೇಕು, ಅಥವಾ ಕೊನ್ರಾಡನೇ ಲೆಕ್ಕ ಹಾಕಿರಬೇಕು. ಯಾರೆಂದು ನಾವು ಹುಡುಕಲಿಲ್ಲ. ಹುಡುಕಿದ್ದರೆ ಒಲೆಮನೆ ಅವತ್ತೇ ಮುಗಿಯುತ್ತಿತ್ತು.

ಯೋಸ್ತ್ ಮಠದ ನೆಲಮಾಳಿಗೆಯಲ್ಲಿದ್ದ. ಹೊಲಗಳು ಬಿತ್ತದೆ ಬಿದ್ದಿದ್ದವು. ಅವನನ್ನು ನೇಣು ಹಾಕಿದರೆ ಮಠಕ್ಕೆ ಒಬ್ಬ ಆಳೂ ಸಿಗುವುದಿಲ್ಲವೆಂದು ದೊಡ್ಡ ಗುರುಗಳಿಗೆ ಗೊತ್ತಿತ್ತು. ಅವನು ಬರದೆ ನಾವೂ ಬಾಳಲಾರೆವೆಂದು ನಮಗೆ ಗೊತ್ತಿತ್ತು. ಕೊನೆಗೆ ಊರಿನವರನ್ನೆಲ್ಲ ಮಠದ ಗುಡಿಯ ಮುಂದಿನ ಬಯಲಿಗೆ ಕರೆಸಿದರು. ಸನ್ಯಾಸಿಗಳು ಒಂದು ಸಾಲಿನಲ್ಲಿ ನಿಂತಿದ್ದರು, ಎಲ್ಲರೂ ಬಡವಾಗಿದ್ದರು. ಕೈ ಕಟ್ಟಿದ ಯೋಸ್ತನನ್ನು ಮುಂದೆ ನಿಲ್ಲಿಸಿದ್ದರು. ದೊಡ್ಡ ಗುರುಗಳು ತಾವೇ ಮಾತಾಡಿದರು. ಮಳೆ ಹಿಡಿದ ವರ್ಷಗಳಲ್ಲಿ ಊರಿನವರು ಮೊದಲು ತಮ್ಮ ಹೊಲ ಕೊಯ್ಯಬಹುದು. ಯೋಸ್ತನನ್ನು ಬಿಡುತ್ತೇವೆ. ಗಂಟೆ ಬಾರಿಸುತ್ತೇವೆ. ಸತ್ತವರ ಮನೆಯ ದನದ ಮಾತನ್ನು ಅವರು ಎತ್ತಲಿಲ್ಲ. ನಾವೂ ಎತ್ತುವ ಧೈರ್ಯ ಮಾಡಲಿಲ್ಲ.

"ಆದರೆ ಒಂದು ಪ್ರಶ್ನೆಗೆ ಉತ್ತರ ಬೇಕು" ಅಂದರು. "ಓಡಿಲಾ, ಮಗುವಿಗೆ ನೀರು ಹಾಕಲು ನಿನಗೆ ಹೇಳಿಕೊಟ್ಟವರು ಯಾರು?"

ಅತ್ತೆ ನೆಲ ನೋಡುತ್ತ ನಿಂತರು. ಯೋಸ್ತನ ಹೆಂಡತಿ ಬಾಯಿಗೆ ಶಾಲಿನ ಅಂಚು ಹಿಡಿದಿದ್ದಳು. ಸನ್ಯಾಸಿಗಳ ಸಾಲಿನಿಂದ ಲಾಂಬರ್ಟ್ ಒಂದು ಹೆಜ್ಜೆ ಮುಂದೆ ಬಂದ.

"ನಾನು ಹೇಳಿದ್ದು ಗುರುಗಳೇ. ನಾನು ಹೇಳಿದ್ದು ಸುಳ್ಳೇ?"

ದೊಡ್ಡ ಗುರುಗಳು ಅವನನ್ನು ನೋಡಿದರು. ಸಿಟ್ಟಿಗಿಂತ ಆಯಾಸವೇ ಹೆಚ್ಚಿತ್ತು ಆ ಮುಖದಲ್ಲಿ. "ಸುಳ್ಳಲ್ಲ" ಅಂದರು. "ಅದನ್ನು ಹೇಳುವ ಅಧಿಕಾರ ನಿನಗಿರಲಿಲ್ಲ." ಪರ್ವತದಾಚೆ ನಮ್ಮ ಪಂಗಡದ ಇನ್ನೊಂದು ಮಠವಿದೆ, ಲಾಂಬರ್ಟ್ ಅಲ್ಲಿಗೆ ಹೋಗಬೇಕು, ಮತ್ತೆ ಈ ಕಡೆ ಬರಕೂಡದು ಎಂದು ಹೇಳಿದರು. ಆಮೇಲೆ ಊರಿನ ಕಡೆ ತಿರುಗಿ, "ಒಪ್ಪಿಗೆಯೋ?" ಎಂದು ಕೇಳಿದರು.

ಎಲ್ಲರೂ ಅತ್ತೆಯನ್ನೇ ನೋಡಿದರು.

"ಬ್ಯಾಡ ಓಡಿಲಕ್ಕ" ಎಂದು ಕೂಗಿದ ಯೋಸ್ತ್. "ನಾನ್ ಒಳ್ಗೇ ಇರ್ತೀನಿ. ನಂಗ್ ಅಭ್ಯಾಸ ಆಗೈತೆ."

ಅತ್ತೆ ಅವನ ಕಡೆ ನೋಡಲೂ ಇಲ್ಲ. ಮೆಲ್ಲಗೆ ನಡೆದುಕೊಂಡು ಹೋಗಿ ತಮ್ಮನ ಮುಂದೆ ನಿಂತರು. "ಅಲ್ಲಿ ಚಳಿ ಜಾಸ್ತಿನೇನೋ?" ಎಂದು ಕೇಳಿದರು.

"ಗೊತ್ತಿಲ್ಲ ಅಕ್ಕ. ಇರಬಹುದು."

ಅತ್ತೆ ತಮ್ಮ ಉಣ್ಣೆಯ ಶಾಲನ್ನು ತೆಗೆದು ಅವನಿಗೆ ಹೊದಿಸಿ, ಎರಡು ಅಂಚನ್ನೂ ಕತ್ತಿನ ಹತ್ತಿರ ಸೇರಿಸಿ ಗಂಟು ಹಾಕಿದರು. ಹಾಕಿ, ಗಂಟು ಸರಿಯಾಗಿದೆಯೇ ಎಂದು ಎಳೆದು ನೋಡಿದರು. ಅದೇ ಒಪ್ಪಿಗೆ ಎಂದು ಎಲ್ಲರಿಗೂ ಅರ್ಥವಾಯಿತು. ಯಾರೋ ಯೋಸ್ತನ ಕೈಯ ಹಗ್ಗ ಬಿಚ್ಚಿದರು.

ಮರುದಿನ ಬೆಳಿಗ್ಗೆ ಗಂಟೆಯನ್ನು ಲಾಂಬರ್ಟನೇ ಬಾರಿಸಿದ. ನಾನು ರೋಸಾಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಬೀದಿಯ ತುಂಬ ಮರಿಗೆಗಳು, ಬಟ್ಟೆಗಳು ಏಳುತ್ತಿದ್ದವು. ಅವನು ಬಾರಿಸುತ್ತಲೇ ಇದ್ದ, ಪ್ರತಿದಿನಕ್ಕಿಂತ ಎಷ್ಟೋ ಹೆಚ್ಚು ಹೊತ್ತು. ಕೆಲವು ಮರಿಗೆಗಳಲ್ಲಿ ಹಿಟ್ಟು ಉಕ್ಕಿ ಕಲ್ಲಿನ ಮೇಲೆ ಇಳಿಯಿತು, ಒರೆಸುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ. ಆಮೇಲೆ ಅವನು ಗುಡ್ಡ ಇಳಿದು ಬೀದಿಯಲ್ಲಿ ನಡೆದು ಬಂದ. ಹೆಂಗಸರು ಬಾಗಿಲಬಾಗಿಲಲ್ಲಿ ನಿಂತಿದ್ದರು. ಅತ್ತೆ ಒಲೆಯನ್ನು ನನಗೆ ಬಿಟ್ಟು ಅವನ ಜೊತೆ ಸೇತುವೆಯ ತನಕ ಹೋದರು.

ಅಲ್ಲಿ ಅವನು ಕೇಳಿದನಂತೆ, "ಅಕ್ಕ, ಅಮ್ಮ ಹೇಗಿದ್ದಳು? ನನಗೆ ಮುಖ ನೆನಪಿಲ್ಲ."

"ನಿನ್ ಥರಾನೇ. ಕಿವಿ ದೊಡ್ಡವು. ನಕ್ರೆ ಮೂಗು ಮುದುಡ್ತಿತ್ತು."

ಲಾಂಬರ್ಟ್ ತನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡನಂತೆ. ಮತ್ತೆ ಅವನ ಸುದ್ದಿ ನಮಗೆ ಸಿಗಲಿಲ್ಲ.

ಅತ್ತೆ ವಾಪಸ್ಸು ಬಂದಾಗ ಒಲೆಮನೆಯಲ್ಲಿ ಜಾತ್ರೆಯಂಥ ಗದ್ದಲ. ಅವರು ಕೈ ತೊಳೆದುಕೊಂಡು ಕೆಲಸಕ್ಕೆ ನಿಂತರು. ದುಂಡನೆಯ, ದಪ್ಪ, ಮೇಲೆ ಬಿರಿದ ರೊಟ್ಟಿಗಳು ಒಂದರ ಹಿಂದೊಂದು ಹೊರಗೆ ಬಂದವು. ಆ ಪರಿಮಳಕ್ಕೆ ಕೆಲವರಿಗೆ ಅಳುವೇ ಬಂತು. ಜನ ತಮ್ಮ ತಮ್ಮ ಬುಟ್ಟಿ ತುಂಬಿಕೊಂಡು, ಅತ್ತೆಯ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡು, ಒಬ್ಬೊಬ್ಬರಾಗಿ ಹೊರಟರು. ಬೀದಿಯಲ್ಲಿ ಬಾಗಿಲುಗಳು ಹಾಕಿಕೊಳ್ಳುವ ಸದ್ದು ಕೇಳಿಸುತ್ತಿತ್ತು. ಮಧ್ಯಾಹ್ನವಾಗುವಷ್ಟರಲ್ಲಿ ಒಲೆಮನೆಯಲ್ಲಿ ನಾನು, ಅತ್ತೆ, ನನ್ನ ಮಡಿಲಲ್ಲಿ ರೋಸಾ, ಇಷ್ಟೇ. ವೆಂಡೆಲ್ ಬಿತ್ತನೆಗೆ ಹೋಗಿದ್ದ. ರಿಪೇರಿ ಮಾಡಿದ್ದ ಬೆಂಚುಗಳು ಖಾಲಿ ಬಿದ್ದಿದ್ದವು. ಯಾರೋ ಬಿಟ್ಟುಹೋಗಿದ್ದ ಉಪ್ಪಿನ ಬಟ್ಟಲು ಕಿಟಕಿಯಲ್ಲಿತ್ತು.

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಸುತ್ತ ನೋಡಿದರು. "ಎಲ್ಲಾ ಎಲ್ಲೋದ್ರೇ?" ಎಂದು ಕೇಳಿದರು, ನಿಜವಾಗಿಯೂ ಗೊತ್ತಿಲ್ಲದವರ ಹಾಗೆ.

"ಮನೆಗೆ ಅತ್ತೆ. ಊಟದ ಹೊತ್ತಲ್ಲವೇ?"

"ಓ" ಅಂದರು. ನಮ್ಮ ಪಾಲಿನ ರೊಟ್ಟಿಯನ್ನು ಮೇಜಿನ ಮೇಲಿಟ್ಟು, ಕೊಯ್ಯಲು ಚಾಕು ತೆಗೆದುಕೊಂಡರು. ಆಮೇಲೆ ಅದನ್ನು ಕೆಳಗಿಟ್ಟು, ಇಡೀ ರೊಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡರು.

"ನಡಿ ಮಗಾ" ಅಂದರು. "ಯಾರ್ದಾರ ಮನೇಲಿ ಉಣ್ಣಾಣ."

ಹೊರಗೆ ಬಂದು ಪಕ್ಕದ ಬಾಗಿಲನ್ನು ತಟ್ಟಿದರು. ಒಳಗಿನ ಮಾತು ನಿಂತಿತು. ಯೋಸ್ತ್ ಬಾಯಿ ತುಂಬ ರೊಟ್ಟಿ ತುಂಬಿಕೊಂಡೇ ಬಂದು ಬಾಗಿಲು ತೆಗೆದ. ನಮ್ಮಿಬ್ಬರನ್ನೂ, ಅತ್ತೆಯ ಕಂಕುಳಲ್ಲಿದ್ದದ್ದನ್ನೂ ನೋಡಿದ. ಏನೂ ಕೇಳದೆ ಒಳಗೆ ಹೋಗಿ, ತನ್ನ ತಾಯಿ ಕೂರುತ್ತಿದ್ದ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದ.